ನೆಗಡಿ ಮಾತ್ರೆಯ ಡಾಕ್ಟರಿಗೆ ಸನ್ಮಾನ

ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ನನಗೇ ಗೊತ್ತಿರದ ಒಳ್ಳೆಯ ಸಂಗತಿಗಳನ್ನೆಲ್ಲ ಹೇಳಿದ ಮುಖ್ಯ ಅತಿಥಿಗಳೇ, ನನ್ನ ಕೈಗುಣ ಕಂಡಿರುವ ಸಭಿಕರೇ,

ಈ ಸನ್ಮಾನ ನನಗಲ್ಲ, ನನ್ನ ಮಾತ್ರೆಗೆ. ನೆಗಡಿ ಎಂದು ಹೋದರೆ ಬೇರೆ ಡಾಕ್ಟರುಗಳು ಏನು ಹೇಳುತ್ತಾರೆ? ಬಿಸಿನೀರು ಕುಡಿಯಿರಿ, ತಾನಾಗಿ ಹೋಗುತ್ತದೆ. ತಾನಾಗಿ ಹೋಗುವುದಾದರೆ ನಾವೇಕೆ ಬೋರ್ಡು ಹಾಕಿಕೊಂಡು ಕೂರಬೇಕು? ನಾನು ಹಾಗಲ್ಲ. ನೆಗಡಿಯಿರಲಿ, ಗಂಟಲು ಕೆರೆತವಿರಲಿ, ಎಲ್ಲಕ್ಕಿಂತ ಜೋರಾದ ಆಂಟಿಬಯಾಟಿಕ್ಕನ್ನೇ ಬರೆಯುತ್ತೇನೆ. ರೋಗಿಗೂ ಖುಷಿ, ಔಷಧಿ ಅಂಗಡಿಯವರಿಗೂ ಖುಷಿ.

ಹೊಟ್ಟೆಕಿಚ್ಚಿನವರು ಎಲ್ಲಿಲ್ಲ? ಮುಂದಿನ ಸಾಲಿನಲ್ಲಿ ನನ್ನ ಶ್ರೀಮತಿಯ ಪಕ್ಕ ಕೂತಿರುವ ಮೂಳೆ ಡಾಕ್ಟರು ನನ್ನ ಬಾಲ್ಯದ ಗೆಳೆಯ. "ಲೋ, ನೀನು ಬರೆಯೋ ಆ ಜಾತಿ ಆಂಟಿಬಯಾಟಿಕ್‌ನಿಂದ ಕೆಲವರಿಗೆ ಹಿಮ್ಮಡಿ ಮೇಲಿನ ಸ್ನಾಯುವಿನ ಹುರೀನೇ ಹರಿದು ಹೋಗುತ್ತೆ ಕಣೋ. ವಯಸ್ಸಾದೋರಿಗೆ, ದಮ್ಮಿಗೆ ಸ್ಟೀರಾಯ್ಡ್ ನುಂಗೋರಿಗೆ ಇನ್ನೂ ಅಪಾಯ. ಬೇರೆ ದಾರಿ ಇಲ್ಲದಾಗ ಕೊಡು, ನೆಗಡಿಗೆಲ್ಲಾ ಕೊಡಬೇಡ್ವೋ" ಎನ್ನುತ್ತಾನೆ. ಗಂಟಲಿಗೆ ಕೊಟ್ಟ ಮಾತ್ರೆಗೆ ಕಾಲಿನಲ್ಲೇನು ಕೆಲಸ? ನೀವೇ ಹೇಳಿ.

ನನ್ನ ಶ್ರೀಮತಿಯನ್ನೇ ತೆಗೆದುಕೊಳ್ಳಿ. ಶಾಲೆಯಲ್ಲಿ ಆಟದ ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೂ ಮಕ್ಕಳ ಜೊತೆ ಓಡುವುದನ್ನು ಬಿಟ್ಟಿರಲಿಲ್ಲ. ದಮ್ಮಿಗೆ ಸ್ಟೀರಾಯ್ಡ್ ನಡೆಯುತ್ತಿತ್ತು, ಅದೂ ನಾನೇ ಬರೆದದ್ದು. ಹೋದ ವರ್ಷ ಅವಳಿಗೆ ನೆಗಡಿಯಾಯಿತು. ಮನೆಯವಳಿಗೆ ಕಡಿಮೆ ಮಾಡುವುದುಂಟೇ? ನನ್ನ ಮಾತ್ರೆಯನ್ನೇ ಕೊಟ್ಟೆ. ನೆಗಡಿ ಹೋಯಿತು. ಆಮೇಲೊಂದು ಬೆಳಿಗ್ಗೆ ಮನೆಯ ಮೆಟ್ಟಿಲು ಇಳಿಯುವಾಗ ಟಪ್ಪೆಂದು ಸದ್ದಾಗಿ ಅವಳು ಕುಸಿದಳು. ತಿರುಗಿ ನೋಡಿ, "ಹಿಮ್ಮಡಿಗೆ ಯಾಕ್ರೀ ಒದ್ರಿ?" ಎಂದಳು. ಹಿಂದೆ ಇದ್ದದ್ದು ನಾನೊಬ್ಬನೇ. ಆಣೆ ಮಾಡಿ ಹೇಳುತ್ತೇನೆ, ನಾನು ಒದೆಯಲಿಲ್ಲ. ವಯಸ್ಸಾಯಿತು ಕಣೇ, ಅಂದೆ. ಹಿಂದಿನ ದಿನದವರೆಗೆ ಆಗಿರಲಿಲ್ಲ, ಅದು ಬೇರೆ ಮಾತು.

ಈಗ ಕೋಲು ಹಿಡಿದು ನಡೆಯುತ್ತಾಳೆ. ಈ ವೇದಿಕೆಗೂ ಮೆಟ್ಟಿಲುಗಳಿವೆಯಲ್ಲ, ಅದಕ್ಕೇ ಕೆಳಗೆ ಕೂತಿದ್ದಾಳೆ. ಶಾಲೆಯ ಮೈದಾನ ದಾಟುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಾಳೆ. ಅದನ್ನು ನೋಡಿದರೆ ನನಗೂ ಸಂಕಟವಾಗುತ್ತದೆ. ಇರಲಿ, ಸಂತೋಷದ ಸಮಾರಂಭ ಇದು.

ಈಗ ಅವಳಿಗೆ ಮತ್ತೆ ಕೆಮ್ಮು. ಮತ್ತೆ ಅದೇ ಮಾತ್ರೆ ಶುರು ಮಾಡಿದ್ದೇನೆ. ಬೆಳಿಗ್ಗೆ, "ಇನ್ನೊಂದು ಕಾಲೂ ನೋಯ್ತಿದೆ ಕಣ್ರೀ, ನನಗೆ ಬೇಡ" ಅಂದಳು. "ಊರಿಗೆಲ್ಲಾ ಬೇಕಾದ ಡಾಕ್ಟರು ಹೆಂಡತಿಗೆ ಬೇಡ್ವಾ? ಸನ್ಮಾನದ ದಿನಾನೇ ಮರ್ಯಾದೆ ತೆಗೀತೀಯಾ?" ಎಂದು ಗದರಿ, ಮಾತ್ರೆಗಳನ್ನು ಅವಳ ಬ್ಯಾಗಿಗೆ ಹಾಕಿದೆ.

ಅದೋ, ಹೊರಗೆ ತೆಗೆಯುತ್ತಿದ್ದಾಳೆ. ಯಾರಾದರೂ ನೀರು ಕೊಡಿ. ಏನೇ, ಅದನ್ನ ಆ ಮೂಳೆ ಡಾಕ್ಟರ ಕೈಗ್ಯಾಕೆ ಕೊಡ್ತಿದ್ದೀಯ? ಕೂತ್ಕೋ, ನನ್ನ ಭಾಷಣ ಮುಗಿದಿಲ್ಲ. ಲೋ, ನೀನ್ಯಾಕೋ ಅವಳ ಕೈ ಹಿಡಿದು ಬಾಗಿಲ ಕಡೆ ನಡೆಸ್ತೀಯ? ಸಭಿಕರೇ, ದಾರಿ ಬಿಡಲು ಇಡೀ ಸಭಾಂಗಣವೇ ಏಳಬೇಕಿರಲಿಲ್ಲ. ಚಪ್ಪಾಳೆಯನ್ನಾದರೂ ನನ್ನ ಮಾತು ಮುಗಿದ ಮೇಲೆ ತಟ್ಟಬಹುದಿತ್ತು. ಅಧ್ಯಕ್ಷರೇ, ನೀವೂನಾ?

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿ, ಈಗ ನನಗೆ ಬೆನ್ನು ಹಾಕಿ ನಿಂತಿರುವ ಎಲ್ಲರಿಗೂ ವಂದನೆಗಳು. ನಮಸ್ಕಾರ.