ಟೀಚರಮ್ಮನಿಗೊಂದು ಕೋಣೆ

ಮ್ಯಾಲಿ ಎಂಬ ಒಣಸೀಮೆಯ ಪುಟ್ಟ ರೈಲುನಿಲ್ದಾಣದಲ್ಲಿ ಕೆನೆಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದ ಟಕೆಟ್ ಎಂಬ ಪೋರ್ಟರ್‌ಗೆ ಕೈಗಿಂತ ಕಿವಿ ಚುರುಕು. ಬೆಂಚಿನ ಮೇಲೆ ಶಾಲಾ ಸಮಿತಿಯ ಮಿಸೆಸ್ ಗಿಲ್ಬಿ, ಪಕ್ಕದಲ್ಲಿ ನೆಲ್ಲಿ ಹಾರ್ವುಡ್.

“ಟೀಚರಮ್ಮನಿಗೆ ಉಳ್ಕೊಳ್ಳೋಕೆ ಜಾಗ ತೋರಿಸದಿದ್ರೆ ಇಲಾಖೆಯೋರು ಶಾಲೆ ಮುಚ್ತಾರಂತೆ, ನೆಲ್ಲೀ.”

“ನಿಮ್ಮನೇಲಿ ಇಟ್ಕೊಳ್ಳಿ.”

“ಒಂಬತ್ತು ಮಕ್ಕಳ ಮನೇಲಾ? ಕೋಟಿನ ಜೊತೆ ಗೂಟಕ್ಕೆ ನೇತುಹಾಕ್ಬೇಕಷ್ಟೆ! ನಿಮ್ಮಲ್ಲಿ ಕೋಣೆ ಖಾಲಿ ಇದೆಯಲ್ಲ.”

“ಕೋಣೆ ಖಾಲಿ ಇಲ್ಲ. ಎಡಿತ್ ಇಲ್ಲ, ಅಷ್ಟೆ.”

ಟಕೆಟ್‌ನ ಕೈ ನಿಂತಿತು. ನೆಲ್ಲಿಯ ಮಗಳು ಎಡಿತ್ ಗಂಟಲಮಾರಿಯಿಂದ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

“ತಪ್ಪಾಯ್ತು ಕಣಮ್ಮ. ಶಾಲೆಯ ಹದಿನಾಲ್ಕು ಮಕ್ಕಳು ಬೀದಿಪಾಲಾಗ್ತಾರಲ್ಲ ಅಂತ ಕೇಳ್ದೆ.”

ರೈಲು ಬಂತು. ನೆಲ್ಲಿ ಚೀಲ ಎತ್ತಿಕೊಂಡಳು.

“ಬರೋಳು ಎತ್ತರ ಇದ್ದಾಳಾ?”

“ಯಾಕೆ?”

“ಅದು ಎಂಟು ವರ್ಷದೋಳ ಮಂಚ. ಕಾಲು ಚಾಚೋಕಾಗಲ್ಲ, ಪಾಪ.”

ಇಬ್ಬರೂ ಗಾಡಿ ಹತ್ತಿದರು.