ಹಾಡಿನಿಂದ ತೆಗೆದ ಉಸಿರು

ನಾವೆಲ್ಲ ಅಣ್ಣ ಅಂತ ಕರೆಯುತ್ತಿದ್ದ ಗಾಯಕರ ನೆನಪಿಗೆ ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಗೆ, ಅವರ ಮಗಳಿಗೆ, ಅಣ್ಣನ ಜೊತೆ ನುಡಿಸಿದವರಿಗೆ, ಹಾಡಿದವರಿಗೆ, ಅವರ ಹಾಡನ್ನು ಬಚ್ಚಲುಮನೆಯಲ್ಲಾದರೂ ಹಾಡಿಕೊಂಡ ನಿಮ್ಮೆಲ್ಲರಿಗೂ. ನಾನು ವೇದಿಕೆ ಹತ್ತುವವಳಲ್ಲ. ಹದಿನೇಳು ವರ್ಷ ಅಣ್ಣನ ಸ್ಟುಡಿಯೋದಲ್ಲಿ ಗಾಜಿನ ಆಚೆ ಕೂತು ಅವರ ಹಾಡುಗಳನ್ನು ರೆಕಾರ್ಡ್ ಮಾಡಿದವಳು, ಎಡಿಟ್ ಮಾಡಿದವಳು. ಮೈಕನ್ನು ಬೇರೆಯವರ ಮುಂದೆ ಇಟ್ಟು ಅಭ್ಯಾಸ. ನನ್ನ ಮುಂದೆ ಇದ್ದರೆ — ನೋಡಿ, ಆಗಲೇ ಅದರ ಎತ್ತರ ಸರಿಮಾಡುತ್ತಿದ್ದೇನೆ. ಕ್ಷಮಿಸಿ.

ನನಗಿಂತ ಮೊದಲು ಮಾತಾಡಿದ ಹಿರಿಯರು ಪ್ರಶಸ್ತಿಗಳ ಬಗ್ಗೆ ಹೇಳಿದರು. ನಾನು ಕ್ಯಾಸೆಟ್ ಅಂಗಡಿಯಿಂದ ಶುರು ಮಾಡುತ್ತೇನೆ.

ಇಪ್ಪತ್ತರ ವಯಸ್ಸಿನಲ್ಲಿ ಅಣ್ಣ ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಗಿರಾಕಿಗಳು ಚೀಟಿಯಲ್ಲಿ ಹಾಡುಗಳ ಪಟ್ಟಿ ಕೊಡೋರು, ಇವರು ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಡೋರು. ಕೊನೆಯಲ್ಲಿ ಇಷ್ಟು — ಇಷ್ಟೇ ಇಷ್ಟು — ಟೇಪು ಉಳಿಯುತ್ತಿತ್ತಲ್ಲ, ಅದರಲ್ಲಿ ತಾವೇ ಬರೆದು ಹಾಡಿದ ಹಾಡೊಂದನ್ನು ಸದ್ದಿಲ್ಲದೆ ಸೇರಿಸಿಬಿಡೋರು. ಒಂದು ವಾರ ಬಿಟ್ಟು ಹೆಂಗಸೊಬ್ಬರು ಬಂದು, "ಏನಪ್ಪಾ, ಕೊನೇಲಿ ಯಾರೋ ಹಾಡ್ತಾನಲ್ಲ, ಯಾರವನು?" ಅಂದರಂತೆ. ಇವರು ಬೆವತು, "ತಪ್ಪಾಗಿ ಬಂದಿದೆ ಅಮ್ಮ, ಅಳಿಸಿಕೊಡ್ತೀನಿ" ಅಂದರೆ, ಆಕೆ, "ಅಳಿಸಿದ್ರೆ ಕೈ ಮುರೀತೀನಿ. ಅವನದ್ದೇ ಪೂರ್ತಿ ಒಂದು ಕ್ಯಾಸೆಟ್ ಕೊಡು!"

ಈ ಕಥೆಯನ್ನು ಅವರು ನಮಗೆ ನೂರು ಸಲ ಹೇಳಿದ್ದಾರೆ. ನೂರು ಸಲವೂ ನಕ್ಕಿದ್ದೇವೆ. ಯಾರಿಗೂ ಗೊತ್ತಾಗದ ಹಾಗೆ ಕೆಲಸ ಸಾಧಿಸುವುದರಲ್ಲಿ ಈ ಮನುಷ್ಯ ಎಷ್ಟು ಪಳಗಿದವರು ಅನ್ನೋದು ನಗುವಾಗ ಹೊಳೆಯಲಿಲ್ಲ.

ಆಮೇಲಿನದು ನಿಮಗೆ ಗೊತ್ತು. ಹೆಸರಾಯಿತು, ಸ್ವಂತ ಸ್ಟುಡಿಯೋ ಆಯಿತು, ಯಾರೂ ಕೇಳದ ದನಿಗಳನ್ನು ಹುಡುಕಿ ತಂದು ಆಲ್ಬಮ್ ಮಾಡಿಸಿದರು. ಆ ಸ್ಟುಡಿಯೋದಲ್ಲಿ ಒಂದೇ ಕಟ್ಟುನಿಟ್ಟು. ಸಾಲು ಸಾಲಿನ ನಡುವೆ ಗಾಯಕರು ಎಳೆದುಕೊಳ್ಳುವ ಉಸಿರನ್ನು ಕತ್ತರಿಸುವಂತಿಲ್ಲ. ಬೇರೆ ಕಡೆ ಕತ್ತರಿಸುತ್ತಾರೆ, ಹಾಡು ನುಣ್ಣಗಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ನಾನೂ ಹಾಗೇ ಮಾಡಿದ್ದೆ. ಕೇಳಿದವರೇ ಕುರ್ಚಿ ಬಿಟ್ಟು ಎದ್ದರು. "ಏನು ತಾಯಿ, ಹಾಡಿದ ಮನುಷ್ಯನನ್ನ ಎಲ್ಲಿಗೆ ಕಳಿಸಿದ್ರಿ? ವಾಪಸ್ಸು ಕರೀರಿ ಅವನನ್ನ!" ಅವತ್ತು ನನಗೆ ಹೆಸರು ಬಿತ್ತು — ಕತ್ತರಿ. ಕತ್ತರಿಸಲು ಬಿಡದೆ ಹದಿನಾರು ವರ್ಷ ಕತ್ತರಿ ಅಂತಲೇ ಕರೆದರು. ಈಗ ನನ್ನ ಮಕ್ಕಳೂ ಕರೆಯುತ್ತಾರೆ.

ಹದಿನೇಳನೆಯ ವರ್ಷ ಒಂದು ಬೆಳಗ್ಗೆ, ಹಾಡಿ ಮುಗಿಸಿ ಹೊರಗೆ ಬಂದು, ನನ್ನ ಮುಖ ನೋಡದೆ, ಹೆಡ್‌ಫೋನಿನ ವೈರು ಸುತ್ತುತ್ತಾ ಹೇಳಿದರು. "ಕತ್ತರಿ, ನನ್ನ ಉಸಿರೆಲ್ಲ ತೆಗೆದುಬಿಡಿ."

"ಯಾಕಣ್ಣ?"

"ಧೂಳು. ನೀವು ಎ.ಸಿ. ಕ್ಲೀನ್ ಮಾಡಿಸಿದ್ರೆ ತಾನೇ!"

ಬೈಸಿಕೊಂಡು ಎ.ಸಿ. ಕ್ಲೀನ್ ಮಾಡಿಸಿದೆ. ನಗಬಹುದು, ಪರವಾಗಿಲ್ಲ — ಎರಡು ಸಲ ಮಾಡಿಸಿದೆ.

ಹನ್ನೊಂದು ತಿಂಗಳು ಕತ್ತರಿಸಿದೆ. ಮೊದಮೊದಲು ಸಾಲಿಗೊಂದು ಉಸಿರು, ಆಮೇಲೆ ಅರ್ಧ ಸಾಲಿಗೆ, ಕೊನೆಕೊನೆಗೆ ಪದಕ್ಕೊಂದು. ಕಡೆಯ ಹಾಡನ್ನು ಪತ್ರಿಕೆಯವರು 'ಈ ವಯಸ್ಸಿನಲ್ಲೂ ಒಂದೇ ಉಸಿರಿನ ಪಲ್ಲವಿ' ಅಂತ ಬರೆದರಲ್ಲ — ಆ ಪಲ್ಲವಿ ಇಪ್ಪತ್ತಮೂರು ತುಂಡು. ಜೋಡಿಸಿದವಳು ನಾನು. ಅಣ್ಣ ಆ ಪತ್ರಿಕೆಯನ್ನು ಕತ್ತರಿಸಿ ನನ್ನ ಮೇಜಿನ ಎದುರಿನ ಗೋಡೆಗೇ ಅಂಟಿಸಿದರು.

ನಡುವೆ ಒಂದು ದಿನ ಅತ್ತಿಗೆ ಫೋನ್ ಮಾಡಿದರು. "ಮೆಟ್ಟಿಲು ನಿಂತು ನಿಂತು ಹತ್ತುತ್ತಾರೆ ಕಣೇ. ಕೇಳಿದ್ರೆ ರೇಗ್ತಾರೆ. ನೀನು ದಿನಾ ಕಿವಿಗೆ ಹಾಕ್ಕೊಂಡು ಕೇಳ್ತೀಯಲ್ಲ, ನಿನಗೇನಾದ್ರೂ ಗೊತ್ತಾಗುತ್ತಾ?"

ನಾನು ಹೇಳಿದೆ — "ಧೂಳು, ಅತ್ತಿಗೆ."

ಅಷ್ಟೇ ಅಲ್ಲ. ಅವರ ಸಮಾಧಾನಕ್ಕೆ ಅಂತ ಅವತ್ತು ತಾನೇ ಮುಗಿಸಿದ್ದ ಹಾಡನ್ನು ಕಳಿಸಿದೆ. ಉಸಿರೆಲ್ಲ ತೆಗೆದದ್ದನ್ನು. ಕೇಳಿ ಅವರು, "ಸದ್ಯ, ಚೆನ್ನಾಗೇ ಹಾಡ್ತಿದ್ದಾರೆ" ಅಂದರು.

ಕೊನೆಗೆ ಆಸ್ಪತ್ರೆಯಲ್ಲಿ ಅಣ್ಣನ ಫೈಲು ನನ್ನ ಕೈಗೂ ಬಂತು. ಶ್ವಾಸಕೋಶದ ಮೊದಲ ರಿಪೋರ್ಟಿನ ತಾರೀಖು ನೋಡಿದೆ. ಎ.ಸಿ.ಗೆ ಬೈದ ದಿನಕ್ಕಿಂತ ನಾಲ್ಕು ದಿನ ಹಿಂದಿನದು.

ಅಣ್ಣಾ, ನೀವು ಸುಳ್ಳು ಹೇಳಿದ್ದನ್ನು ಕ್ಷಮಿಸಬಲ್ಲೆ. ಹೆದರಿದವರು ಹೇಳುತ್ತಾರೆ. ಆದರೆ ನನ್ನಿಂದ ಹೇಳಿಸಿದಿರಿ. ನಿಮ್ಮ ಹೆಂಡತಿ ಸತ್ಯ ಕೇಳಲು ಬಂದದ್ದು ಒಂದೇ ಬಾಗಿಲಿಗೆ, ಆ ಬಾಗಿಲನ್ನು ನನ್ನ ಕೈಯಿಂದಲೇ ಮುಚ್ಚಿಸಿದಿರಿ. ಹದಿನಾರು ವರ್ಷ ಕತ್ತರಿಸಬೇಡಿ ಅಂದವರು ಕತ್ತರಿಸಿ ಅಂದ ದಿನ, 'ಯಾಕಣ್ಣ' ಅಂತ ನಾನು ಎರಡನೇ ಸಲ ಕೇಳಲಿಲ್ಲ. ಅದು ನನ್ನದು. ಅದನ್ನು ನಾನು ಹೊತ್ತುಕೊಳ್ಳುತ್ತೇನೆ. ಉಳಿದದ್ದು — ನಿಮ್ಮದು.

ಉಸಿರು ಕತ್ತರಿಸಿದ್ದನ್ನು ಅತ್ತಿಗೆಗೆ ಆಸ್ಪತ್ರೆಯಲ್ಲೇ ಹೇಳಿದ್ದೆ. ಹೋದ ವಾರ ಅವರು ಸ್ಟುಡಿಯೋಗೆ ಬಂದರು. "ಅವರ ಹಾಡು ಬೀದಿ ಬೀದೀಲಿ ಕೇಳ್ತಿದೆ. ತೆಗೆದದ್ದನ್ನ ಏನ್ಮಾಡಿದೆ?" ಅಂದರು. ನಾನು ಯಾವುದನ್ನೂ ಅಳಿಸುವವಳಲ್ಲ. ಕಂಪ್ಯೂಟರಿನಲ್ಲಿ 'ಕಸ' ಅನ್ನುವ ಫೋಲ್ಡರು ಇದೆ. ಹನ್ನೊಂದು ತಿಂಗಳ ಉಸಿರು, ತಾರೀಖಿನ ಸಮೇತ. ಇಬ್ಬರೂ ಕೂತು ಕೇಳಿದೆವು. ಒಂದು ಕಡೆ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. "ಇದು ನಾನು ಫೋನ್ ಮಾಡಿದ ದಿನದ್ದಾ?"

"ಹೌದು ಅತ್ತಿಗೆ."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸಭೆಯಲ್ಲಿ ಇದನ್ನೇ ಹೇಳು" ಅಂದರು. ಹೇಳಿದ್ದೇನೆ.

ಈಗ ಒಂದು ನಿಮಿಷದ ಮೌನಕ್ಕೆ ನಾವು ಎದ್ದು ನಿಲ್ಲಬೇಕು. ಅದಕ್ಕೆ ಮೊದಲು ಒಂದು ಮಾತು. ಉಸಿರು ಕತ್ತರಿಸಿದ ಜಾಗದಲ್ಲಿ ಹಾಡಿಗೆ ತೂತು ಬೀಳುತ್ತದೆ. ಅದನ್ನು ಮುಚ್ಚಲು ಕೋಣೆಯ ನಿಶ್ಶಬ್ದವನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಂಡು, ಅದರ ತುಣುಕುಗಳನ್ನು ತೇಪೆ ಹಾಕುತ್ತೇವೆ. ಆ ನಿಮಿಷಕ್ಕೆ ಅಣ್ಣನೇ ನಡುವೆ ನಿಂತು, ಕೈ ಹೀಗೆ ಮೇಲೆತ್ತಿ, "ಯಾರೂ ಅಲ್ಲಾಡಬೇಡಿ, ಒಂದು ನಿಮಿಷ ಯಾರಿಗೂ ಉಸಿರಿಲ್ಲ!" ಅನ್ನುತ್ತಿದ್ದರು. ನಾವು ನಗು ತಡೆದುಕೊಂಡು ನಿಲ್ಲುತ್ತಿದ್ದೆವು. ಆ ಹನ್ನೊಂದು ತಿಂಗಳು ಅವರು ಏನನ್ನು ತಡೆದುಕೊಂಡು ನಿಂತಿದ್ದರು ಅಂತ ಈಗ ತಿಳಿಯುತ್ತಿದೆ.

ಇವತ್ತಿನ ನಿಮಿಷ ಹಾಗೆ ಬೇಡ. ಈ ಮೌನವನ್ನು ನಾನು ಯಾವುದಕ್ಕೂ ತೇಪೆ ಹಾಕುವುದಿಲ್ಲ. ಕೆಮ್ಮು ಬಂದರೆ ಕೆಮ್ಮಿ. ಉಸಿರು ಬಿಗಿಹಿಡಿಯಬೇಡಿ. ಪಕ್ಕದವರಿಗೆ ಕೇಳಿಸುವ ಹಾಗೆ ಉಸಿರಾಡಿ. ಪಕ್ಕದವರೂ — ದಯವಿಟ್ಟು — ಕೇಳಿಸಿಕೊಳ್ಳಿ.

ಎಲ್ಲರೂ ಏಳಿ.