ವೀರೇಶನ ಜೇಬಿನಲ್ಲಿದ್ದ ಎರಡನೇ ಫ್ಯೂಸು

ನಮ್ಮ ಚಿಕ್ಕಪ್ಪನ ಮಗ ವೀರೇಶ ಕರೆಂಟಿನ ಕೆಲಸದವನು. ಕರೆಂಟೇ ಅವನನ್ನು ಕಂಡರೆ ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. ದಾವಣಗೆರೆಯಲ್ಲಿ ಅವನಿಗಿಂತ ಧೈರ್ಯವಂತ ಇದ್ದರೆ ಅದು ನಾನೇ. ಅಂಥವನು ಕೂಡ...

ತೊಂಬತ್ತೆಂಟರ ಚಳಿಗಾಲ. ಹರಿಹರದಿಂದ ಕಡೇ ಬಸ್ಸಿಗೆ ಬಂದು ಶಾಮನೂರಿನ ಕತ್ತಲಲ್ಲಿ ಮನೆ ಕಡೆ ನಡೆದಿದ್ದ. ಗುರುಶಾಂತಮ್ಮನವರ ಹಿತ್ತಲ ಬಾವಿ ಹತ್ತಿರ ಬಂದ. ಒಳಗೆ ನೀರು ತೊಟ್ಟಿಕ್ಕುತ್ತಿತ್ತು. ತೊಟ್... ತೊಟ್...

"ವೀರೇಶಾ..."

ಗಕ್ಕನೆ ನಿಂತ. ನೋಡಿದರೆ ಹಿತ್ತಲ ಬಾಗಿಲಲ್ಲಿ ಗುರುಶಾಂತಮ್ಮ.

"ಮೆಲ್ಲಗೆ ಬಾರಪ್ಪ, ಕೂಸು ಮಲಗೈತೆ. ಹೊಸಾ ಗೀಜರು ಹಾಕಿಸಿದ್ವಿ. ಯಾವ ನಲ್ಲಿ ಮುಟ್ಟಿದ್ರೂ ಜುಮ್ಮಂತೈತೆ. ಬೆಳಕು ಹರಿಯೋದ್ರೊಳಗೆ ಮಗಳಿಗೆ ಬಾಣಂತಿ ನೀರು ಹಾಕ್ಬೇಕು."

"ಕರೆಂಟು ನನ್ನ ಮಾತು ಕೇಳತೈತೆ, ಬಿಡ್ರಮ್ಮ."

"ಹಾಲೇಶಪ್ಪನೂ ಹಂಗೇ ಅಂತಿದ್ದ."

ಹಾಲೇಶಪ್ಪ ಅದರ ಹಿಂದಿನ ವರ್ಷ ಮೋಟಾರು ರಿಪೇರಿಗೆ ಆ ಬಾವಿಗೆ ಇಳಿದವನು. ಶಾಕ್ ಹೊಡೆದು ಅಲ್ಲೇ ಹೋದ. ಅವತ್ತಿನಿಂದ ಮೋಟಾರಿನ ಪೆಟ್ಟಿಗೆಗೆ ಬೀಗ, ಫ್ಯೂಸು ಒಳಗೇ ಉಳಿದಿತ್ತು. ಬೀಗದ ಕೈ ಹರಿಹರದಲ್ಲಿದ್ದ ಗುರುಶಾಂತಮ್ಮನವರ ಮಗನ ಹತ್ತಿರ.

ವೀರೇಶ ಮನೆಯ ಫ್ಯೂಸು ಕಿತ್ತ. ಟಕ್. ಮನೆಯೆಲ್ಲ ಕತ್ತಲು. ಕಿತ್ತ ಫ್ಯೂಸನ್ನು ಜೇಬಿಗೆ ಹಾಕಿಕೊಂಡ. ಅದು ಉಸ್ತಾದ್ ಮಸ್ತಾನಸಾಬ್ ಕಲಿಸಿದ ಪಾಠ. ಬೋರ್ಡಿನ ಮೇಲಿಟ್ಟರೆ ಯಾರಾದರೂ ತಿರುಗಿ ಸಿಕ್ಕಿಸಿಬಿಡುತ್ತಾರೆ.

ಬ್ಯಾಟರಿ ಬೆಳಕಲ್ಲಿ ಗೀಜರಿನ ಮೈಗೆ ಟೆಸ್ಟರ್ ಒತ್ತಿದ.

ಟೆಸ್ಟರ್ ಹೊಳೆಯಿತು.

ಮನೆಯಲ್ಲಿ ಕರೆಂಟಿಲ್ಲ... ಗೀಜರಿನಲ್ಲಿದೆ. ಹಸಿರು ಅರ್ತ್ ವೈರಿನ ಬೆನ್ನು ಹತ್ತಿದ. ಅದು ಕಿಟಕಿ ದಾಟಿ ಹಿತ್ತಲಿಗೆ ಹೋಗಿತ್ತು. ಅರ್ತಿಗೆ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕುವ ಬದಲು ಗೀಜರು ಕೂಡಿಸಿದ ಪುಣ್ಯಾತ್ಮ ಅದನ್ನು ಬಾವಿಯ ಕಬ್ಬಿಣದ ಪೈಪಿಗೆ ಸುತ್ತಿ ಹೋಗಿದ್ದ.

ವರ್ಷದಿಂದ ಓಡದ ಮೋಟಾರು, ಇದರಲ್ಲಿದ್ದರೂ ಜುಮ್ಮೆನ್ನುವಷ್ಟೇ ಕರೆಂಟು ಅಂದುಕೊಂಡ. ಬಗ್ಗಿ, ವೈರು ಬಿಚ್ಚಲು ಕೈ ಚಾಚಿದ.

ತೊಟ್ಟಿಕ್ಕುವ ಸದ್ದು ನಿಂತಿತು.

"ಫ್ಯೂಸು ಕಿತ್ತೀಯೇನು?"

ಧ್ವನಿ ಕೆಳಗಿನಿಂದ ಬಂತು...

"ಕಿ... ಕಿತ್ತೀನಿ."

"ಎಲ್ಲೈತೆ?"

"ಜೇಬಿನಾಗೆ."

ಬಾವಿಯೊಳಗೆ ಉಸಿರು ಬಿಟ್ಟಂತಾಯಿತು.

"ನಂದೂ ಜೇಬಿನಾಗೇ ಇತ್ತಪ್ಪ... ಮೋಟ್ರಿನ ಲೈನು ಬ್ಯಾರೆ."

ಚಾಚಿದ ಕೈ ಹಾಗೇ ನಿಂತಿತು. ಇನ್ನೊಂದು ಕೈಯಲ್ಲಿದ್ದ ಕಟಿಂಗ್ ಪ್ಲೇಯರ್ ಜಾರಿ ಬಾವಿಗೆ ಬಿತ್ತು. ನೀರಿಗೆ ಬಿದ್ದ ಸದ್ದು ಬರಲಿಲ್ಲ... ಯಾರೋ ಹಿಡಿದುಕೊಂಡ ಹಾಗೆ.

ಆಗ ತೊಡೆಗೆ ತಣ್ಣಗೆ ಏನೋ ತಾಗಿತು. ವೀರೇಶ ಜೇಬಿಗೆ ಕೈ ಹಾಕಿದ. ಫ್ಯೂಸು ಎರಡಿದ್ದವು. ಒಂದು ಅವನು ಕಿತ್ತದ್ದು, ಒಣಗಿತ್ತು. ಇನ್ನೊಂದಕ್ಕೆ ಪಾಚಿ ಮೆತ್ತಿತ್ತು, ನೀರು ಸುರಿಯುತ್ತಿತ್ತು.

ಪೈಪಿಗೆ ಟೆಸ್ಟರ್ ಒತ್ತಿದ. ಹೊಳೆಯಲಿಲ್ಲ.

ಬೆಳಗಿನ ಜಾವ ಬಾಣಂತಿ ಮಗಳು ಕೃತಿಕಾಗೆ ಬಿಸಿನೀರು ಹಾಕಿದರು. ಯಾವ ನಲ್ಲಿಯೂ ಜುಮ್ಮೆನ್ನಲಿಲ್ಲ. ಹೊತ್ತೇರಿದ ಮೇಲೆ ಮಗ ಹರಿಹರದಿಂದ ಬಂದ. ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಟ್ಟು ಪೆಟ್ಟಿಗೆ ತೆಗೆಸಿದರು. ಫ್ಯೂಸಿನ ಜಾಗ ಖಾಲಿ. ಅದರ ಮುಂದೆ ಜೇಡರ ಬಲೆ ಒಂದೆಳೆಯೂ ಹರಿಯದೆ ಹಾಗೇ ಇತ್ತು.

ನಗಬೇಡಿ, ನಡೆದದ್ದು ನಡೆದ ಹಾಗೇ ಹೇಳಿದ್ದೇನೆ. ಆ ಫ್ಯೂಸನ್ನು ಮನೆಯಲ್ಲಿಟ್ಟುಕೊಳ್ಳಲು ವೀರೇಶ ಒಪ್ಪಲಿಲ್ಲ. ಧೈರ್ಯವಂತ ನಾನಿದ್ದೆನಲ್ಲ, ನಮ್ಮ ಗೂಡಿನಲ್ಲಿದೆ. ಅದರ ಕೆಳಗೆ ಹಾಸಿದ ಬಟ್ಟೆಯನ್ನು ಇವತ್ತು ಬೆಳಿಗ್ಗೆಯೂ ಹಿಂಡಿ ಹಾಕಿದ್ದೇನೆ.